ಹನ್ನೆರಡು ಅಡಿಯ ಗುಂಡಿ

ಗಣಿತದ ಮೇಷ್ಟ್ರು ಜನ್ಮದಲ್ಲಿ ಒಂದು ಬುಟ್ಟಿ ಮಣ್ಣು ಎತ್ತಿದವರಲ್ಲ. ಸೀಮೆಸುಣ್ಣ ಹಿಡಿದ ಬೆರಳನ್ನೂ ಪಾಠ ಮುಗಿದ ಕೂಡಲೇ ಕರವಸ್ತ್ರದಿಂದ ಒರೆಸಿಕೊಳ್ಳುವವರು. ಆದರೂ ವರ್ಷಕ್ಕೆ ಏನಿಲ್ಲವೆಂದರೂ ನೂರು ಗುಂಡಿ ತೋಡಿಸುತ್ತಿದ್ದರು. ಎಲ್ಲವೂ ಕಪ್ಪು ಹಲಗೆಯ ಮೇಲೆ. ಆರು ಆಳು ಎರಡು ದಿನದಲ್ಲಿ ಒಂದು ಗುಂಡಿ ತೋಡಿದರೆ ಮೂರು ಆಳು ಎಷ್ಟು ದಿನದಲ್ಲಿ ತೋಡುತ್ತಾರೆ? ಹಲಗೆಯ ಮೇಲಿನ ಮಣ್ಣಿನಲ್ಲಿ ಕಲ್ಲಿರುವುದಿಲ್ಲ. ಅಲ್ಲಿಯ ಆಳುಗಳಿಗೆ ಸೊಂಟವಿರುವುದಿಲ್ಲ. ಅವರು ನೀರು ಕುಡಿಯುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ. ಮೇಷ್ಟ್ರು ಅಡ್ಡಗೆರೆ ಎಳೆದ ತಕ್ಷಣ ಕೆಲಸ ಮುಗಿಸಿ ಮಾಯವಾಗುತ್ತಾರೆ.

ನಮ್ಮದು ಮಣ್ಣು ಕೆಲಸದ ಮನೆ. ಬಾವಿ, ಪಾಯ, ಚರಂಡಿ, ಪಾಯಖಾನೆಯ ಗುಂಡಿ. ಊರಿಗೆ ಬೇಕಾದ ತಗ್ಗೆಲ್ಲ ತೋಡಿದ್ದು ನಾವು, ಅದರ ಮೇಲೆದ್ದ ಗೋಡೆ ಒಂದೂ ನಮ್ಮದಲ್ಲ. ಕೆಲಸಕ್ಕೆ ನಾಲ್ಕು ಜನ. ಮಾವ ಮತ್ತು ಅವನ ತಮ್ಮ ಕೆಳಗಿಳಿದು ಅಗೆಯುತ್ತಾರೆ. ಅವ್ವ ಮತ್ತು ಅತ್ತೆ ಹೊರುತ್ತಾರೆ. ಮಾವನ ತಮ್ಮನಿಗೆ ನಾವೆಲ್ಲ ಹಾರೆ ಅನ್ನುತ್ತೇವೆ. ಹಾರೆಯ ಹಾಗೇ ಉದ್ದಕ್ಕಿದ್ದಾನೆ, ಮಾತೂ ಅಷ್ಟಕ್ಕಷ್ಟೆ. ನಾಲ್ವರಿಗೂ ಯಜಮಾನಿ ಅವ್ವ. ಗೂಟ ಎಲ್ಲಿ ಹೊಡೆಯಬೇಕು, ಎಷ್ಟು ದಿನ ಹೇಳಬೇಕು, ಎಲ್ಲ ಅವಳದೇ ಮಾತು. ಮೂವತ್ತು ವರ್ಷ ಬುಟ್ಟಿ ಹೊತ್ತು ಅವಳ ನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಓದು ಬರುವುದಿಲ್ಲ. ಗುಂಡಿಯ ಅಂಚಿನಲ್ಲಿ ನಿಂತು ಒಮ್ಮೆ ಬಗ್ಗಿ ನೋಡಿದರೆ ಆಳ ಎಷ್ಟೆಂದು ಗೇಣಿಗೆ ಗೇಣು ಹೇಳಬಲ್ಲಳು.

ಅಜ್ಜನ ಕಾಲದಿಂದ ನಮ್ಮಲ್ಲೊಂದು ಕಟ್ಟಳೆ ಇದೆ. ಮಾತು ಮುರಿದ ಗುಂಡಿಯನ್ನು ತೆರೆದಿಟ್ಟು ಬರಬಾರದು. ಒಂದೋ ಮುಗಿಸಬೇಕು, ಇಲ್ಲ ಮುಚ್ಚಬೇಕು. ಅರ್ಧ ತೋಡಿದ ಗುಂಡಿಗೆ ದನವೋ ಮಗುವೋ ಬಿದ್ದರೆ ಅದು ತೋಡಿದವರ ಕುತ್ತಿಗೆಗೇ ಬರುತ್ತದೆ. ತೋಡಿಸಿದವರ ಹೆಸರು ಆಗ ಯಾರಿಗೂ ನೆನಪಿರುವುದಿಲ್ಲ. ಮುಚ್ಚಲು ಕೈ ಹಾಕಿದರೆ ನಡುವೆ ನಿಲ್ಲಿಸಲೂಬಾರದು. ಸಡಿಲ ಮಣ್ಣು ತುಂಬಿದ ಗುಂಡಿ ಕಣ್ಣಿಗೆ ನೆಲ, ಕಾಲಿಗೆ ಬಾಯಿ.

ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುವ ತರಗತಿ ನಮ್ಮ ಊರಿಗೆಲ್ಲ ಒಂದೇ. ಅದು ಮೇಷ್ಟ್ರದು. ಭಾಷೆಯ ಭಾಗವನ್ನು ಹೇಗೋ ಮನೆಯಲ್ಲೇ ಓದಿಕೊಳ್ಳಬಹುದು. ಮುಕ್ಕಾಲು ಮಕ್ಕಳು ಮುಗ್ಗರಿಸುವುದು ಗಣಿತದ ಭಾಗದಲ್ಲಿ. ತರಗತಿಯಲ್ಲಿ ಇಪ್ಪತ್ತೆಂಟು ಜನ. ಇಪ್ಪತ್ತೇಳು ಜನ ಶುಲ್ಕ ಕೊಟ್ಟವರು. ಬಡವರಿಗೆ ಒಂದು ಜಾಗ ಪುಕ್ಕಟೆ ಕೊಟ್ಟಿದ್ದೇನೆಂದು ಮೇಷ್ಟ್ರು ಬಾಗಿಲ ಮೇಲೆ ಬೋರ್ಡು ಬರೆಸಿದ್ದರು. ಆ ಜಾಗ ನನ್ನದು. ಕೊನೆಯ ಬೆಂಚು, ಪಕ್ಕದಲ್ಲಿ ಕಸಬರಿಗೆ ಮತ್ತು ನೆಲ ಒರೆಸುವ ಬಕೆಟ್ಟು.

ಮೇಷ್ಟ್ರು ನನ್ನ ಹೆಸರನ್ನು ಒಂದು ಸಲವೂ ಕೂಗಲಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಓದಿ ಕೊನೆಗೆ, "ಪುಕ್ಕಟೆ?" ಅನ್ನುತ್ತಿದ್ದರು.

"ಇದ್ದೀನಿ ಸಾರ್" ಅನ್ನುತ್ತಿದ್ದೆ.

ಇಪ್ಪತ್ತೇಳು ಜನ ನಗುತ್ತಿದ್ದರು. ದಿನಾ ಅದೇ ಹಾಸ್ಯ. ಹಳಸಿದ್ದನ್ನೇ ದಿನಾ ಬಡಿಸಿದರೂ ಅವರಿಗೆ ವಾಕರಿಕೆ ಬರುತ್ತಿರಲಿಲ್ಲ.

ಕಾಲ ಮತ್ತು ಕೆಲಸದ ಪಾಠ ಶುರುವಾದ ಮೇಲೆ ನಾನು ಉದಾಹರಣೆಯಾದೆ. "ಪುಕ್ಕಟೆಯ ಅಮ್ಮ ಗಂಟೆಗೆ ಇಪ್ಪತ್ತು ಬುಟ್ಟಿ ಹೊತ್ತರೆ..." ಎಂದು ಮೇಷ್ಟ್ರು ಶುರು ಮಾಡುತ್ತಿದ್ದರು. ತಲೆಗಳೆಲ್ಲ ಹಿಂದೆ ತಿರುಗುತ್ತಿದ್ದವು. ಅವರ ಪುಸ್ತಕದಲ್ಲಿ ಒಂದು ನಿಯಮವಿತ್ತು: ಒಬ್ಬ ಗಂಡಾಳು ಎರಡು ಹೆಣ್ಣಾಳಿಗೆ ಸಮ. ಅದನ್ನು ಎಲ್ಲಿ ತೂಗಿ ನೋಡಿದರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಅರ್ಜಿಯ ಮೇಲೆ ಸಹಿ ಬೇಕಿತ್ತು.

ಅರ್ಜಿಯ ಕಥೆ ಇಷ್ಟೇ. ಪರೀಕ್ಷೆ ಬರೆಯುವವರ ಅರ್ಜಿಗೆ ಪಾಠ ಹೇಳಿದವರ ಸಹಿ ಬೇಕು. ಸಹಿಯಿಲ್ಲದ ಅರ್ಜಿ ಕಸದ ಬುಟ್ಟಿಗೆ. ಅರ್ಜಿ ಸೇರಬೇಕಾದ ಕೊನೆಯ ದಿನ ಮುಂದಿನ ವಾರದ ಶನಿವಾರ. ಇಪ್ಪತ್ತೇಳು ಅರ್ಜಿಗಳಿಗೆ ಮೇಷ್ಟ್ರು ಒಂದೇ ಕೂತಲ್ಲಿ ಸಹಿ ಮಾಡಿದರು. ನನ್ನದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಗಾಜಿನ ಗುಂಡು ಇಟ್ಟರು.

"ನಿಮ್ಮಮ್ಮನ್ನ ಕರ್ಕೊಂಡು ಬಾ."

ಅವ್ವ ಬಂದು ಹೊಸ್ತಿಲಾಚೆ ನಿಂತಳು. ಒಳಗೆ ಬಾ ಅಂತ ಅವರು ಅನ್ನಲಿಲ್ಲ.

"ನೋಡಮ್ಮ, ನಮ್ಮ ಕಟ್ಟಡದಲ್ಲೇ ಪರೀಕ್ಷೆ ನಡೆಸೋಕೆ ಕೇಳಿದ್ದೀನಿ. ಬರೋ ಸೋಮವಾರ ಬಿಟ್ಟು ಮುಂದಿನ ಸೋಮವಾರ ತಪಾಸಣೆಗೆ ಬರ್ತಾರೆ. ಪಾಯಖಾನೆ ಇಲ್ಲ ಅಂದ್ರೆ ಒಪ್ಪಲ್ಲ. ಒಂದು ಗುಂಡಿ ಆಗ್ಬೇಕು. ಹನ್ನೆರಡು ಅಡಿ."

"ತೋಡ್ತೀವಿ ಮೇಷ್ಟ್ರೇ. ಏಳೆಂಟು ದಿನ ಹಿಡಿಯುತ್ತೆ."

ಮೇಷ್ಟ್ರು ನಕ್ಕರು. ತರಗತಿಯ ಕಡೆ ತಿರುಗಿದರು. "ಏಳೆಂಟಂತೆ! ಲೆಕ್ಕ ಹಾಕೋಣ. ಆರು ಗಂಡಾಳಿಗೆ ಇಂಥ ಗುಂಡಿ ಎರಡು ದಿನದ್ದು, ಪುಸ್ತಕದಲ್ಲೇ ಇದೆ. ಇವರು ಗಂಡಸರು ಇಬ್ಬರು, ಹೆಂಗಸರು ಇಬ್ಬರು. ಅಂದ್ರೆ ಒಟ್ಟು ಎಷ್ಟು ಗಂಡಾಳು?"

"ಮೂರು ಸಾರ್!" ಇಪ್ಪತ್ತೇಳು ಬಾಯಿ.

"ಮೂರು ಆಳಿಗೆ ಎಷ್ಟು ದಿನ?"

"ನಾಲ್ಕು ಸಾರ್!"

"ಕೇಳಿಸ್ತಾ? ನಾಲ್ಕು ದಿನ. ಮಗಳಿಗೆ ವರ್ಷವೆಲ್ಲ ಪುಕ್ಕಟೆ ಪಾಠ ಹೇಳಿದ್ದೀನಿ. ನೀವು ನಾಲ್ಕು ದಿನ ಪುಕ್ಕಟೆ ಕೆಲಸ ಮಾಡಿ. ಗುಂಡಿ ಆದ್ಮೇಲೆ ಸಹಿ."

"ಇಳಿದಷ್ಟೂ ಮಣ್ಣು ಭಾರ ಮೇಷ್ಟ್ರೇ. ಮೇಲಿನ ಅಡಿಯ ಹಾಗೆ ಕೆಳಗಿನ ಅಡಿ ಬರಲ್ಲ."

"ಮಣ್ಣು ಅದೇ ಮಣ್ಣಮ್ಮ. ಕೆಳಗೆ ಹೋದ್ರೆ ತೂಕ ಜಾಸ್ತಿ ಆಗುತ್ತಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. "ನಾಲ್ಕು ದಿನದ ಕೆಲಸ ಕೊಡ್ತೀವಿ" ಅಂದಳು ಅವ್ವ. ಹನ್ನೆರಡು ಅಡಿ ಕೊಡ್ತೀವಿ ಅನ್ನಲಿಲ್ಲ. ಆ ವ್ಯತ್ಯಾಸ ಅವರ ಕಿವಿಗೆ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆ ಕಟ್ಟಡದ ಮುಂದಿನ ಅಂಗಳದಲ್ಲಿ, ತಪಾಸಣೆಯವರಿಗೆ ಬಂದ ಕೂಡಲೇ ಕಾಣಲೆಂದು ಮೇಷ್ಟ್ರು ತೋರಿಸಿದ ಜಾಗದಲ್ಲಿ, ಮಾವ ಗೂಟ ಹೊಡೆದ. ಗೂಟಕ್ಕೆ ಅಡಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿದ. ಪಾಠ ಶುರುವಾಗುವ ಮೊದಲು ಎರಡು ಗಂಟೆ ನಾನೂ ಹೊರುತ್ತಿದ್ದೆ. ಬುಟ್ಟಿಯ ಅಂಚು ಬೆರಳ ಸಂದಿಯನ್ನು ಕಿತ್ತು ನೀರುಗುಳ್ಳೆ ಎಬ್ಬಿಸಿತ್ತು. ಪೆನ್ಸಿಲ್ಲು ಹಿಡಿದರೆ ಗುಳ್ಳೆ ಒಡೆದು ಕಾಗದ ಒದ್ದೆ. ನನ್ನ ಮುಂದಿನ ಬೆಂಚಿನ ಮರದ ಡಿಪೋದವರ ಮಗ ಮೂಗು ಮುಚ್ಚಿಕೊಳ್ಳುತ್ತಿದ್ದ. ಮಣ್ಣಿಗೆ ದುರ್ವಾಸನೆಯಿಲ್ಲ. ಬೆವರಿಗಿದೆ. ಅವನಿಗೆ ಬೆವರು ಗೊತ್ತಿರಲಿಲ್ಲ, ಪಾಪ.

ಮೊದಲ ಎರಡು ದಿನ ಕೆಲಸ ಓಡಿತು. ಎದೆಮಟ್ಟದವರೆಗೆ ಗಂಡಸರು ಸಲಿಕೆಯಿಂದಲೇ ಮಣ್ಣನ್ನು ಅಂಚಿಗೆ ಎಸೆಯುತ್ತಾರೆ. ಹೆಂಗಸರು ತುಂಬಿಕೊಂಡು ಗುಂಡಿಯ ಬದಿಯ ಗುಡ್ಡೆಗೆ ಸುರಿಯುತ್ತಾರೆ. ಮಂಗಳವಾರ ಸಂಜೆ ಮೇಷ್ಟ್ರು ಟೇಪು ಹಿಡಿದು ಇಡೀ ತರಗತಿಯನ್ನು ಅಂಗಳಕ್ಕೆ ಕರೆತಂದರು. ಪ್ರಾಯೋಗಿಕ ಪಾಠವಂತೆ. ಮಾವ ಗುಂಡಿಯೊಳಗೆ ಲಂಗೋಟಿಯಲ್ಲಿದ್ದ. ಹತ್ತಿ ಬರಲು ನಾಚಿಕೆಯಾಗಿ ಅಲ್ಲೇ ಗೋಡೆಗೆ ಒರಗಿ ನಿಂತ. ಸುತ್ತ ಇಪ್ಪತ್ತೇಳು ಜೊತೆ ಬೂಟು. ಪಂಜರದ ಪ್ರಾಣಿಯನ್ನು ನೋಡಿದ ಹಾಗೆ ನೋಡಿದರು.

"ಆರು ಅಡಿ! ಎರಡು ದಿನಕ್ಕೆ ಅರ್ಧ. ಇನ್ನೆರಡು ದಿನಕ್ಕೆ ಇನ್ನರ್ಧ. ಗಣಿತ ಸುಳ್ಳು ಹೇಳಲ್ಲ." ಮೇಷ್ಟ್ರ ಮುಖ ಅರಳಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ತಟ್ಟೋ ಬದಲು ಒಂದೆರಡು ಬುಟ್ಟಿ ಹೊರಬಾರದಾ, ಕೈ ಹೇಗೂ ಬಿಡುವಾಗಿದೆ" ಎಂದು ಅತ್ತೆ ಗೊಣಗಿದಳು.

ಔಷಧ ಅಂಗಡಿಯವರ ಮಗಳೊಬ್ಬಳು ಮಾತ್ರ ಕೇಳಿದಳು: "ಸಾರ್, ಹೆಂಗಸರು ಅರ್ಧ ಆಳು ಅಂದ್ರಲ್ಲ. ಆದರೆ ಮಣ್ಣೆಲ್ಲ ಅವರೇ ಹೊರ್ತಿದ್ದಾರೆ?"

"ಪರೀಕ್ಷೆಲಿ ಹಾಗೆಲ್ಲ ಕೇಳಲ್ಲ. ಬರೆದುಕೋ."

ಬುಧವಾರದಿಂದ ಗುಂಡಿ ತನ್ನ ಬುದ್ಧಿ ತೋರಿಸಿತು. ಆಳುದ್ದ ದಾಟಿದ ಮೇಲೆ ಮಣ್ಣು ಎಸೆಯಲು ಬರುವುದಿಲ್ಲ. ಎಸೆದರೆ ತಲೆಯ ಮೇಲೇ ಬೀಳುತ್ತದೆ. ಆಗ ಪಕ್ಕದ ಗೋಡೆಯಲ್ಲಿ ಒಂದು ಮೆಟ್ಟಿಲು ಕಡಿಯಬೇಕು, ಒಬ್ಬ ಹೆಂಗಸು ನಿಲ್ಲುವಷ್ಟು. ಹಾರೆ ಕೆಳಗಿನಿಂದ ಬುಟ್ಟಿ ಎತ್ತಿ ಮೆಟ್ಟಿಲ ಮೇಲೆ ನಿಂತ ಅವ್ವನಿಗೆ ಕೊಟ್ಟ. ಅವ್ವ ಅದನ್ನು ಎದೆಗೆ ಒತ್ತಿ, ತಲೆಯ ಮೇಲಕ್ಕೆ ಎತ್ತಿ, ಅಂಚಿನಲ್ಲಿ ಮಂಡಿಯೂರಿದ ಅತ್ತೆಗೆ ಕೊಟ್ಟಳು. ಒಂದೊಂದು ಬುಟ್ಟಿಯೂ ಮೂರು ಎದೆ ದಾಟಿ ಮೇಲೆ ಬಂತು. ಸಂಜೆ ಹೊತ್ತಿಗೆ ಏಳೂವರೆ ಗಂಟು.

ಮೇಷ್ಟ್ರು ಟೇಪು ಇಳಿಬಿಟ್ಟು ನೋಡಿ ಹಲ್ಲು ಕಡಿದರು. "ಎರಡು ದಿನಕ್ಕೆ ಆರು ಅಡಿ ತೋಡಿದವರು ಇವತ್ತು ಒಂದೂವರೆ ಅಡಿನಾ? ಏನಮ್ಮ, ಒಳಗೆ ತಂಪಾಗಿದೆ ಅಂತ ಮಲಗಿದ್ರಾ?"

ಅವ್ವನ ಮುಖ, ಹುಬ್ಬು, ಹಲ್ಲು ಎಲ್ಲ ಮಣ್ಣು. ಅವಳು ಉಗುಳಿದಳು. ಕೆಂಪಗೆ ಮಣ್ಣೇ ಬಿತ್ತು.

ಗುರುವಾರ ಬೆಳಿಗ್ಗೆ ನಾನು ಬೆಂಚಿನಲ್ಲಿ ಕೂತಿದ್ದಾಗ ಮೇಷ್ಟ್ರು ಹಲಗೆಯ ಮೇಲೆ ಬರೆದರು: ಹನ್ನೆರಡು ಅಡಿಯ ಗುಂಡಿಯಲ್ಲಿ ಮೊದಲ ಆರು ಅಡಿಗೆ ಎರಡು ದಿನ ಹಿಡಿದರೆ ಉಳಿದ ಆರು ಅಡಿಗೆ ಎಷ್ಟು ದಿನ?

"ಪುಕ್ಕಟೆ, ಬಾ. ನೀನೇ ಬಿಡಿಸು. ನಿಮ್ಮವರು ಎಷ್ಟು ಸೋಮಾರಿಗಳು ಅಂತ ನಿನ್ನ ಕೈಯಲ್ಲೇ ಬರಲಿ."

ನಾನು ಎದ್ದು ಹೋದೆ. ಎರಡು ಅಂತ ಬರೆದು ಬಂದು ಕೂರಬಹುದಿತ್ತು. ಒಂದು ಅಂಕೆ. ಕಿಟಕಿಯಾಚೆ ಗುಂಡಿಯ ಬಾಯಿ ಕಾಣುತ್ತಿತ್ತು. ಒಂದು ಬುಟ್ಟಿ ಮೇಲೆ ಬಂತು. ಅದರ ಕೆಳಗೆ ಎರಡು ಕೈ. ತಲೆ ಕಾಣಲಿಲ್ಲ.

ಸೀಮೆಸುಣ್ಣ ತೆಗೆದುಕೊಂಡು ಹನ್ನೆರಡು ಮನೆಯ ಏಣಿ ಬರೆದೆ. "ಮೊದಲನೇ ಅಡಿಯ ಮಣ್ಣನ್ನ ಒಂದು ಅಡಿ ಎತ್ತಬೇಕು. ಎರಡನೇ ಅಡಿಯದನ್ನ ಎರಡು ಅಡಿ. ಹನ್ನೆರಡನೇದನ್ನ ಹನ್ನೆರಡು ಅಡಿ" ಎಂದು ಹೇಳುತ್ತಾ ಬರೆದೆ. "ಒಂದರಿಂದ ಆರರವರೆಗೆ ಕೂಡಿದರೆ ಇಪ್ಪತ್ತೊಂದು. ಏಳರಿಂದ ಹನ್ನೆರಡರವರೆಗೆ ಐವತ್ತೇಳು. ಇಪ್ಪತ್ತೊಂದಕ್ಕೆ ಎರಡು ದಿನ ಆದರೆ ಐವತ್ತೇಳಕ್ಕೆ ಹತ್ತಿರ ಹತ್ತಿರ ಐದೂವರೆ ದಿನ. ಒಟ್ಟು ಏಳೂವರೆ."

ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದ್ದೂ ಏಳೆಂಟೇ.

ಯಾರೂ ನಗಲಿಲ್ಲ. ಮೇಷ್ಟ್ರು ಹಲಗೆ ನೋಡಿದರು. ಅವರಿಗೆ ಅರ್ಥವಾಯಿತು, ಆದದ್ದು ಅವರ ಕುತ್ತಿಗೆಯಲ್ಲಿ ಕಂಡಿತು, ಕೆಂಪಗೆ.

"ಇದು ಶ್ರೇಢಿಯ ಪಾಠದ ಲೆಕ್ಕ" ಅಂದರು. "ನಾನು ಕೊಟ್ಟಿದ್ದು ಕಾಲ-ಕೆಲಸದ ಪಾಠದ್ದು. ಆ ಪಾಠಕ್ಕೂ ಈ ಪಾಠಕ್ಕೂ ಸಂಬಂಧ ಇಲ್ಲ. ಅಳಿಸು."

ಗುಂಡಿಗೆ ತಾನು ಯಾವ ಪಾಠದ್ದು ಎಂದು ಗೊತ್ತಿರಲಿಲ್ಲ. ಅದು ಹೊರಗೆ ತನ್ನ ಪಾಡಿಗೆ ಆಳವಾಗುತ್ತಿತ್ತು.

"ಸಾರ್, ಇವತ್ತು ಸಂಜೆ ಅಳೆಯಿರಿ. ಎರಡು ದಿನಕ್ಕೆ ಇಪ್ಪತ್ತೊಂದು ಪಾಲು ಅಂದ್ರೆ ನಾಲ್ಕು ದಿನಕ್ಕೆ ನಲವತ್ತೆರಡು. ಎಂಟು ಅಡಿವರೆಗೆ ಮೂವತ್ತಾರು ಪಾಲು. ಎಂಟೂವರೆ ಅಡಿ ದಾಟಿರುತ್ತೆ, ಒಂಬತ್ತು ಮುಟ್ಟಿರಲ್ಲ."

"ಅಳಿಸು ಅಂದೆ. ಎರಡು ಅಂತ ಬರಿ."

"ಎರಡಲ್ಲ ಸಾರ್."

"ಬರೀತೀಯೋ ಇಲ್ವೋ?"

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ನನ್ನ ಅರ್ಜಿಯ ಪಕ್ಕದಲ್ಲೇ, ಗಾಜಿನ ಗುಂಡನ್ನು ತಾಗುವ ಹಾಗೆ. "ಬರೆಯಲ್ಲ" ಅಂದೆ. ಮಾತು ಹೊರಗೆ ಬಿದ್ದಾಗಿತ್ತು.

ಮೇಷ್ಟ್ರು ತಾವೇ ಒರೆಸಿದರು. ತಾವೇ ಎರಡು ಅಂತ ಬರೆದರು. ಬೆರಳನ್ನು ಕರವಸ್ತ್ರದಿಂದ ಒರೆಸಿಕೊಂಡರು. ನನ್ನನ್ನು ಹೊರಗೆ ಕಳಿಸಿದರು. ನಾನು ಗುಂಡಿಯ ಹತ್ತಿರ ಹೋಗಿ ಬುಟ್ಟಿ ಹಿಡಿದೆ.

ಸಂಜೆ ಟೇಪು ಇಳಿಯಿತು. ಎಂಟು ಅಡಿ ಎಂಟು ಅಂಗುಲ. ಔಷಧ ಅಂಗಡಿಯವರ ಮಗಳು ಗಟ್ಟಿಯಾಗಿ ಓದಿದಳು. ಮೇಷ್ಟ್ರು ಅವಳ ಕೈಯಿಂದ ಟೇಪು ಕಿತ್ತುಕೊಂಡು ಸುತ್ತಿದರು.

"ನಾಲ್ಕು ದಿನ ಆಯ್ತು ಮೇಷ್ಟ್ರೇ" ಅಂದಳು ಅವ್ವ. "ಸಹಿ?"

"ಗುಂಡಿ ಎಲ್ಲಾಯ್ತು? ಹನ್ನೆರಡು ಅಡಿ ಮುಗಿಸಿ. ಇನ್ನೊಂದು. ನಾಳೆ ನಿಮ್ಮ ಮಗಳು ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಿ, ಹಲಗೆ ಮೇಲೆ ಎರಡು ಅಂತ ಬರೀಬೇಕು. ಆಮೇಲೆ ಸಹಿ ನೋಡೋಣ."

ಮನೆಗೆ ಬಂದು ಕೈಕಾಲು ತೊಳೆಯುವಾಗ ನನಗೆ ಅಳು ಬಂತು. ಅತ್ತೆ ಹೇಳಿದಳು, "ಒಂದು ಅಂಕೆ ತಾನೇ, ಬರೆದು ಬಿಸಾಕೇ. ನಾವೇನು ಹೋದಲ್ಲೆಲ್ಲ ನಿಜ ಹೇಳ್ಕೊಂಡು ತಿರುಗ್ತೀವಾ? ಮೊನ್ನೆ ಡಿಪೋದವನ ಗೋಡೆ ಸೊಟ್ಟಗಿದ್ರೂ ಚೆನ್ನಾಗಿದೆ ಸ್ವಾಮಿ ಅಂತ ಬರಲಿಲ್ವಾ?"

"ಅದು ಅವನ ಗೋಡೆ ಕಣೇ" ಅಂದ ಮಾವ. "ಇದು ನಮ್ಮ ಸೊಂಟ."

ಅವ್ವ ಬುಟ್ಟಿಯ ಕೆಳಗೆ ತಲೆಗಿಡುವ ಸಿಂಬೆಯ ಬಟ್ಟೆಯನ್ನು ಹಿಂಡುತ್ತಿದ್ದಳು. ನೀರು ಕೆಂಪಗೆ ಇಳಿಯಿತು. "ನೀನು ಹಲಗೆ ಮೇಲೆ ಬರೆದಿದ್ದು ಸರೀನಾ?" ಎಂದು ಕೇಳಿದಳು.

"ಸರಿ ಅವ್ವ."

"ಮತ್ತೆ ಯಾಕೆ ಅಳ್ತೀಯ?"

"ಸಹಿ ಇಲ್ಲದಿದ್ರೆ ಪರೀಕ್ಷೆ ಇಲ್ಲ."

ಅವ್ವ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ನಿಧಾನವಾಗಿ ಅಂಚು ಸರಿಮಾಡಿದಳು. "ನಾಲ್ಕು ದಿನ ಅಂದ. ನಾಲ್ಕು ದಿನ ಕೊಟ್ಟೆವು. ಮಾತು ಮುರಿದೋನು ಅವನು" ಅಂದಳು. "ನಾಳೆ ಪಿಕಾಸಿ ಬೇಡ. ಸಲಿಕೆ ಮಾತ್ರ ತಗೊಳ್ಳಿ."

ಹಾರೆ ತಲೆಯೆತ್ತಿ ನೋಡಿದ. ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು ಇದು: "ಮುಚ್ಚೋದಾ?"

"ಮುಚ್ಚೋದು."

ಶುಕ್ರವಾರ ಪಾಠ ಶುರುವಾಗಿ ಅರ್ಧ ಗಂಟೆಯಾದರೂ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಸಲಿಕೆಯ ಸದ್ದು ಅವರಿಗೆ ಒಂದೇ. ತೆಗೆಯುವುದೋ ಸುರಿಯುವುದೋ ಕಿವಿಗೆ ತಿಳಿಯದು. ತೋಡುವಾಗ ಬುಟ್ಟಿ ಒಂದೊಂದಾಗಿ ಮೂರು ಎದೆ ದಾಟಿ ಬಂದ ಮಣ್ಣು ಈಗ ಹೋಗುವಾಗ ತಾನೇ ಜಾರಿ ಹೋಗುತ್ತಿತ್ತು. ತರಗತಿಗೆ ಹೋಗದ ನನ್ನನ್ನೂ ಸೇರಿಸಿ ನಾವು ಐದು ಜನ ಗುಡ್ಡೆಯ ಸುತ್ತ ನಿಂತು ಬರೀ ನೂಕಿದೆವು. ಮೆಟ್ಟಿಲು ಮುಚ್ಚಿತು. ಹಗ್ಗದ ಗಂಟುಗಳು ಒಂದೊಂದಾಗಿ ಮುಳುಗಿದವು.

ಮೊದಲು ಕಿಟಕಿಯಲ್ಲಿ ಡಿಪೋದವರ ಮಗನ ಮುಖ ಕಂಡಿತು. ಆಮೇಲೆ ಮೇಷ್ಟ್ರೇ ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಪ್ಪಲಿ ಒಂದು ಬಾಗಿಲಲ್ಲೇ ಉಳಿದಿತ್ತು.

"ಏನ್ ಮಾಡ್ತಿದ್ದೀರಿ? ತಲೆ ಕೆಟ್ಟಿದೆಯಾ? ಸೋಮವಾರ ತಪಾಸಣೆ ಇದೆ!"

"ಇದೆ ಅಂತ ನೀವೇ ಹೇಳಿದ್ರಿ" ಅಂದಳು ಅವ್ವ. ಸಲಿಕೆ ನಿಲ್ಲಲಿಲ್ಲ.

"ನಿಲ್ಸಿ! ಇದು ನನ್ನ ಗುಂಡಿ!"

"ಜಾಗ ನಿಮ್ಮದು. ತೋಡಿದ್ದಕ್ಕೆ ನೀವು ಕೊಡ್ತೀನಿ ಅಂದಿದ್ದನ್ನ ಕೊಟ್ಟಿಲ್ಲ. ಅದಕ್ಕೇ ತೋಡಿದ್ದನ್ನ ವಾಪಸ್ ತಗೊಳ್ತಿದ್ದೀವಿ. ನಿಮ್ಮ ನೆಲ ನಿಮಗೆ ಮೊದಲು ಹೇಗಿತ್ತೋ ಹಾಗೇ ಸಿಗುತ್ತೆ."

ಮೇಷ್ಟ್ರು ಮಾವನ ಸಲಿಕೆಗೆ ಕೈ ಹಾಕಿದರು. ಮಾವ ಬಿಟ್ಟುಬಿಟ್ಟ. ಅವರ ಕೈಯಲ್ಲಿ ಸಲಿಕೆ ಉಳಿಯಿತು. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಕೊಡೆಯ ಹಾಗೆ ಹಿಡಿದು ನಿಂತರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ಹೊರಗೆ ಬಂತು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಇಪ್ಪತ್ತೇಳು ಜನ ಈ ಸಲ ನನ್ನನ್ನು ನೋಡಿ ನಗುತ್ತಿರಲಿಲ್ಲ.

"ಸಹಿ ತಾನೇ? ಸಹಿಗೋಸ್ಕರ ಇಷ್ಟೆಲ್ಲನಾ?" ಸಲಿಕೆ ಎಸೆದು ಒಳಗೆ ಹೋದರು. ಅರ್ಜಿ ಮತ್ತು ಪೆನ್ನು ತಂದರು. ಕಾಗದ ಇಡಲು ಜಾಗ ಸಿಗದೆ ಬೋರಲು ಹಾಕಿದ ಬುಟ್ಟಿಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತರು. 'ಇವರನ್ನು ನಾನು ಬಲ್ಲೆ' ಎಂಬ ಸಾಲಿನಲ್ಲಿ ನನ್ನ ಹೆಸರು ತುಂಬಬೇಕಿತ್ತು. ಪೆನ್ನು ನಿಂತಿತು.

"ನಿನ್ನ ಹೆಸರೇನು?"

ಒಂದು ವರ್ಷ ಪಾಠ ಹೇಳಿದವರು ಕೇಳಿದ್ದು ಇದು.

"ಮೇಲಿನ ಸಾಲಲ್ಲಿದೆ ಸಾರ್. ಓದ್ಕೊಳ್ಳಿ."

ಓದಿಕೊಂಡರು. ಬರೆದರು. ಸಹಿ ಮಾಡಿದರು. ನಾನು ಕಾಗದ ತೆಗೆದು ಎದೆಯೊಳಗೆ ಇಟ್ಟುಕೊಂಡೆ. ಅವ್ವ ಇನ್ನೊಂದು ಸಲಿಕೆ ಮಣ್ಣು ನೂಕಿದಳು.

"ಸಹಿ ಹಾಕಿದ್ದೀನಲ್ಲ! ನಿಲ್ಸಮ್ಮ!"

"ಸಹಿ ಹಾಕೋದು ನಿಮ್ಮ ಕೆಲಸ ಆಗಿತ್ತು, ಹಾಕಿದ್ರಿ. ನಿಲ್ಲಿಸ್ತೀನಿ ಅಂತ ನಾನು ಎಲ್ಲಿ ಹೇಳಿದೆ? ಮುಚ್ಚೋಕೆ ಕೈ ಹಾಕಿದ ಮೇಲೆ ನಡುವೆ ಬಿಡೋ ರೂಢಿ ನಮ್ಮಲ್ಲಿಲ್ಲ. ಯಾರಾದ್ರೂ ಕಾಲಿಟ್ಟು ಒಳಗೆ ಹೋದ್ರೆ? ನಿಮಗಂತೂ ಆಳದ ಅಂದಾಜೂ ಇಲ್ಲ."

ಮೇಷ್ಟ್ರು ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲೇ ಇದ್ದರು. ನಾಲ್ಕು ದಿನ ತೋಡಿದ್ದು ಮಧ್ಯಾಹ್ನದೊಳಗೆ ಮುಚ್ಚಿತು. ಮಾವ ಗೂಟ ಕಿತ್ತು ಹೆಗಲಿಗೆ ಹಾಕಿಕೊಂಡ.

ಅರ್ಜಿಯನ್ನು ಅಂದೇ ಸಂಜೆ ಹಾಕಿ ಬಂದೆ. ಮೇಷ್ಟ್ರು ಶನಿವಾರ ಪಟ್ಟಣದಿಂದ ಅಗೆಯುವ ಯಂತ್ರ ತರಿಸಿದರಂತೆ. ಅದು ಒಳಗೆ ಬರಲು ಕಾಂಪೌಂಡು ಗೋಡೆ ಒಡೆಸಿ, ಕಟ್ಟಡದ ಹಿಂದೆ ತೋಡಿಸಿದರಂತೆ. ಯಂತ್ರಕ್ಕೆ ಪುಕ್ಕಟೆ ಪಾಠ ಬೇಕಿರಲಿಲ್ಲ. ಕಾಸು ಎಣಿಸಿಕೊಂಡೇ ಹೋಯಿತು.

ಮುಂದಿನ ಅಂಗಳದಲ್ಲಿ ಒಂದು ದಿಬ್ಬ ಉಳಿಯಿತು. ಕೆದಕಿದ ಮಣ್ಣು ಉಬ್ಬುತ್ತದೆ. ಗುಂಡಿಯಿಂದ ತೆಗೆದದ್ದು ಗುಂಡಿಗೇ ಪೂರ್ತಿ ಹಿಡಿಯುವುದಿಲ್ಲ. ಇದು ಮಣ್ಣು ಮುಟ್ಟಿದವರಿಗೆಲ್ಲ ಗೊತ್ತು. ಬಾಗಿಲಿಗೆ ನೇರ ಎದುರಿಗೆ, ಮೊಣಕಾಲೆತ್ತರ, ಹಸು ಮಲಗಿದ ಹಾಗೆ ಬಿದ್ದಿತ್ತು. ಮೇಷ್ಟ್ರು ದಿನಾ ಅದನ್ನು ಸುತ್ತಿಕೊಂಡೇ ಒಳಗೆ ಹೋಗಬೇಕು. ತೆಗೆಸಲು ಆಳು ಕೇಳಿದರೆ ಊರಲ್ಲಿ ಯಾರೂ ಬರಲಿಲ್ಲ.

ಪರೀಕ್ಷೆ ಅದೇ ಕಟ್ಟಡದಲ್ಲಿ. ಆ ದಿನ ಅವ್ವ ಕೆಲಸಕ್ಕೆ ಹೋಗಲಿಲ್ಲ. ನನ್ನ ಜೊತೆ ಬಂದಳು. ಉಳಿದ ಮಕ್ಕಳ ತಂದೆತಾಯಿಗಳು ಜಗಲಿಯ ಕುರ್ಚಿಗಳಲ್ಲಿ ಕೂತಿದ್ದರು. ಅವ್ವ ಕುರ್ಚಿಯ ಕಡೆ ನೋಡಲಿಲ್ಲ. ನೇರ ಹೋಗಿ ದಿಬ್ಬದ ಮೇಲೆ ಕೂತಳು. ಕಾಲು ಚಾಚಿದಳು. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

ಮೇಷ್ಟ್ರು ಬಾಗಿಲಿಗೆ ಬಂದರು. "ಅಲ್ಲಿಂದ ಏಳಮ್ಮ. ಎದುರಿಗೇ ಕೂತರೆ ಬಂದವರು ಏನಂದ್ಕೋತಾರೆ?"

"ಮಗಳು ಬರೋವರೆಗೂ ಕೂತಿರ್ತೀನಿ ಮೇಷ್ಟ್ರೇ."

"ಎಷ್ಟು ಹೊತ್ತು?"

"ನೀವೇ ಲೆಕ್ಕ ಹಾಕಿ ಹೇಳಿ" ಅಂದಳು ಅವ್ವ. ಗಂಟು ಬಿಚ್ಚಿ ಉಣ್ಣಲು ಶುರು ಮಾಡಿದಳು.

ಗಂಟೆ ಹೊಡೆಯಿತು. ನಾನು ದಿಬ್ಬ ಹತ್ತಿ ಇಳಿದು ಒಳಗೆ ಹೋದೆ.